ಬಲೆ ತುಂಬಾ ನೊಣ, ಆದ್ರೂ ಮಾವಿನಲ್ಲಿ ಹುಳ ಯಾಕೆ?



ಮಾವಿನ ತೋಟಕ್ಕೆ ಮೊದಲ ಸಲ ಮೋಹಕ ಬಲೆ ಕಟ್ಟಿದಾಗ ಡಬ್ಬಿ ತುಂಬಾ ನೊಣ ಬಿದ್ದಿದ್ವು. ಖುಷಿಯಲ್ಲಿ ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಆಮೇಲೆ ಹಣ್ಣು ಕೊಯ್ದು ನೋಡಿದ್ರೆ ಒಳಗೆ ಹುಳ! ಬಲೆಯದ್ದು ತಪ್ಪಲ್ಲ. ಬಿದ್ದಿದ್ದೆಲ್ಲ ಗಂಡು ನೊಣ. ಮೊಟ್ಟೆ ಇಡೋದು ಹೆಣ್ಣು.

ಗಂಡು ಮಾತ್ರ ಯಾಕೆ ಹೀಗೆ ನಡೆದುಕೊಳ್ಳುತ್ತೆ? ಇದನ್ನು ಚೆನ್ನಾಗಿ ಅಧ್ಯಯನ ಮಾಡಿರೋದು ಕಳಿತ ಬಾಳೆಹಣ್ಣಿನ ಮೇಲೆ ಹಾರಾಡೋ ಸಣ್ಣ ನೊಣದಲ್ಲಿ. ಅದರ ಹೆಸರು ಡ್ರೊಸೊಫಿಲಾ, ಮಾವಿನ ನೊಣಕ್ಕೆ ದೂರದ ನೆಂಟ. ಗಂಡು ಡ್ರೊಸೊಫಿಲಾ ಹೆಣ್ಣಿನ ಹಿಂದೆ ಹೋಗಿ, ಮುಂಗಾಲಲ್ಲಿ ತಟ್ಟಿ, ಒಂದು ರೆಕ್ಕೆ ಚಾಚಿ ಅದುರಿಸಿ 'ಹಾಡು' ಹೇಳುತ್ತೆ. ಹುಟ್ಟಿದಾಗಿಂದ ಒಂಟಿಯಾಗಿ ಬೆಳೆದ ಗಂಡಿಗೂ ಇದು ಬರುತ್ತೆ. ಯಾರೂ ಕಲಿಸಬೇಕಿಲ್ಲ.

ಇದಕ್ಕೆ ಮುಖ್ಯ ಕಾರಣ 'ಫ್ರೂಟ್‌ಲೆಸ್' ಅನ್ನೋ ಜೀನ್. ಇದು ಗಂಡು, ಹೆಣ್ಣು ಎರಡರಲ್ಲೂ ಇದೆ. ಆದರೆ ಇದರಿಂದ ತಯಾರಾಗುವ ಒಂದು ವಿಶೇಷ ಪ್ರೋಟೀನ್ ಗಂಡಿನಲ್ಲಿ ಮಾತ್ರ, ಸುಮಾರು 2,000 ನರಕೋಶಗಳಲ್ಲಿ ಸಿಗುತ್ತೆ. ಅದು ಬೇರೆ ಜೀನ್‌ಗಳನ್ನು ಆನ್-ಆಫ್ ಮಾಡಿ, ಆ ನರಕೋಶಗಳು ಹೇಗೆ ಬೆಳೀಬೇಕು, ಯಾವುದರ ಜೊತೆ ಸೇರಬೇಕು ಅನ್ನೋದನ್ನು ಬದಲಿಸುತ್ತೆ. ಮನೆ ಒಂದೇ, ವೈರಿಂಗ್ ಬೇರೆ ಅಂದುಕೊಳ್ಳಿ. 2005ರಲ್ಲಿ ಆಸ್ಟ್ರಿಯಾದ ವಿಜ್ಞಾನಿಗಳು ಹೆಣ್ಣು ನೊಣದಲ್ಲೂ ಆ ಗಂಡು ಪ್ರೋಟೀನ್ ತಯಾರಾಗುವಂತೆ ಮಾಡಿದರು. ಆ ಹೆಣ್ಣುಗಳು ಬೇರೆ ಹೆಣ್ಣುಗಳ ಹಿಂದೆ ಗಂಡಿನಂತೆ ಸುತ್ತಿದವು!

ಹಾಗಂತ ಜೀನ್ ಒಂದೇ ಎಲ್ಲವೂ ಅಲ್ಲ. ಈಗಾಗಲೇ ಕೂಡಿದ ಹೆಣ್ಣು ತಳ್ಳಿಬಿಟ್ಟರೆ, ಗಂಡು ಸ್ವಲ್ಪ ಹೊತ್ತು ಬೇರೆ ಹೆಣ್ಣಿನ ತಂಟೆಗೂ ಹೋಗಲ್ಲ. ಅನುಭವಕ್ಕೂ ಜಾಗ ಇದೆ.

ಈಗ ನಮ್ಮ ಮಾವಿಗೆ ಬರೋಣ. ಬಲೆಯಲ್ಲಿರೋ ಮೀಥೈಲ್ ಯೂಜಿನಾಲ್ ತುಳಸಿಯಲ್ಲೂ ಇರೋ ವಸ್ತು. ಮಾವಿನ ಗಂಡು ನೊಣ ಅದನ್ನು ತಿಂದು, ಹೆಣ್ಣನ್ನು ಸೆಳೆಯೋ ವಾಸನೆಯಾಗಿ ಮಾರ್ಪಡಿಸಿಕೊಳ್ಳುತ್ತೆ. ತಿಂದ ಗಂಡಿಗೆ ಜೋಡಿ ಸಿಗೋದು ಸುಲಭ. ಅದಕ್ಕೇ ಓಡಿ ಬರುತ್ತೆ, ಬಲೆಗೆ ಬೀಳುತ್ತೆ. ಆದರೆ ಉಳಿದ ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು. ಕೂಡಿದ ಹೆಣ್ಣಿಗೆ ನಿಮ್ಮ ಬಲೆ ಲೆಕ್ಕಕ್ಕೇ ಇಲ್ಲ.

ಹಾಗಾಗಿ ಹೀಗೆ ಮಾಡಿ:

• ಹಣ್ಣಾಗೋವರೆಗೆ ಕಾಯಬೇಡಿ, ಕಾಯಿ ಬಲಿಯೋ ಮುಂಚೆಯೇ ಬಲೆ ಕಟ್ಟಿ.
• ಉದುರಿದ ಹಣ್ಣನ್ನು ದಿನಾ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಬಿಟ್ಟರೆ ಹುಳ ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತೆ.
• ಹಾಗಲ, ಹೀರೆ, ಸೌತೆಗೆ ಮಾವಿನ ಲ್ಯೂರ್ ಹಾಕಬೇಡಿ. ಆ ನೊಣವೇ ಬೇರೆ, ಅದಕ್ಕೆ ಕ್ಯೂ ಲ್ಯೂರ್ ಬೇಕು.
• ಪಕ್ಕದ ತೋಟದವರನ್ನೂ ಸೇರಿಸಿಕೊಳ್ಳಿ. ನೊಣಕ್ಕೆ ಬೇಲಿ ಗೊತ್ತಿಲ್ಲ.

ಮುಂದಿನ ಸಲ ಡಬ್ಬಿ ತುಂಬಿದಾಗ ಫೋಟೋ ತೆಗೀರಿ, ತಪ್ಪಿಲ್ಲ. ಆಮೇಲೆ ಮರದ ಬುಡಕ್ಕೂ ಒಮ್ಮೆ ಬಗ್ಗಿ ನೋಡಿ.