ಗಿಣ್ಣುಹಾಲೂ ಕರುವಿನ ರೋಗರಕ್ಷೆಯೂ

ಹಸು ಕರುಹಾಕಿದ ಮನೆಯಲ್ಲಿ ಗಿಣ್ಣಿನ ಸಂಭ್ರಮವನ್ನು ಕಾಣದವರು ಯಾರು? ಬೆಲ್ಲವನ್ನೂ ಏಲಕ್ಕಿಯನ್ನೂ ಬೆರಸಿ ಹಬೆಯಲ್ಲಿ ಬೇಯಿಸಿದ ಗಿಣ್ಣನ್ನು ನೆರೆಹೊರೆಯವರಿಗೆ ಹಂಚುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಮೊದಲ ದಿನದ ಆ ಹಳದಿಯ ಹಾಲು ಕಾದೊಡನೆ ಗಟ್ಟಿಯಾಗುತ್ತದೆ. ಸಾಮಾನ್ಯ ಹಾಲಿಗಿಂತ ಅದರಲ್ಲಿ ಪ್ರೋಟೀನುಗಳು ಹಲವು ಪಟ್ಟು ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಇವು ಅಲ್ಲಿಗೆ ಏಕೆ ಬಂದುವು? ಕರುವಿಗೆ ಇವುಗಳಿಂದ ಏನು ಪ್ರಯೋಜನ? ಈ ಪ್ರಶ್ನೆಗಳಿಗೆ ಉತ್ತರವನ್ನು ಅರಸುತ್ತ ಹೋದರೆ, ಪ್ರಾಣಿಗಳ ರೋಗನಿರೋಧಶಾಸ್ತ್ರದ ಕೆಲವು ಮೂಲತತ್ತ್ವಗಳು ಒಂದೊಂದಾಗಿ ಎದುರಾಗುತ್ತವೆ.

ರೋಗಾಣುವೊಂದು ಪ್ರಾಣಿಯ ದೇಹವನ್ನು ಹೊಕ್ಕಿತೆನ್ನೋಣ. ಅದರ ಮೈಮೇಲಿನ ಅಣುಗಳಿಗೆ ಅವುಗಳದೇ ಆದ ಆಕಾರವಿರುತ್ತದೆ. ಬಿಳಿಯ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಬಗೆಯವು ಈ ಪರಕೀಯ ಆಕಾರವನ್ನು ಗುರುತಿಸಿ, ವೃದ್ಧಿಹೊಂದಿ, ಅದಕ್ಕೆ ಸರಿಯಾಗಿ ಹೊಂದುವ ಪ್ರೋಟೀನನ್ನು ತಯಾರಿಸುತ್ತವೆ. ಇದೇ ಪ್ರತಿಕಾಯ. ಇದರ ಉತ್ಪತ್ತಿಗೆ ಕಾರಣವಾಗುವ ಪರಕೀಯ ವಸ್ತುವಿಗೆ ಪ್ರತಿಜನಕವೆಂದು ಹೆಸರು. ಬೀಗಕ್ಕೆ ಕೀಲಿಯಿದ್ದಂತೆ ಪ್ರತಿಜನಕಕ್ಕೆ ಪ್ರತಿಕಾಯ. ಕಾಲುಬಾಯಿ ರೋಗದ ವೈರಸ್ಸಿಗೆ ಒಪ್ಪುವುದು ಚಪ್ಪೆರೋಗದ ಬ್ಯಾಕ್ಟೀರಿಯಕ್ಕೆ ಒಪ್ಪದು. ಮೊದಲನೆಯ ಸಲ ಈ ತಯಾರಿಕೆಗೆ ಒಂದೆರಡು ವಾರಗಳು ಬೇಕು. ಆದರೆ ಆ ಕಣಗಳಲ್ಲಿ ಕೆಲವು ದೀರ್ಘಕಾಲ ಉಳಿದು, ಅದೇ ಶತ್ರು ಮತ್ತೆ ಬಂದಾಗ ಕೆಲವೇ ದಿನಗಳಲ್ಲಿ ಹೇರಳವಾಗಿ ಪ್ರತಿಕಾಯಗಳನ್ನು ಒದಗಿಸುತ್ತವೆ. ದೇಹದ ಈ ನೆನಪೇ ಲಸಿಕೆಗಳಿಗೆ ಆಧಾರ.

ಗರ್ಭದಲ್ಲಿ ಬೆಳೆದ ಕರುವಿಗೆ ರೋಗಾಣುಗಳ ಪರಿಚಯ ಸಾಮಾನ್ಯವಾಗಿ ಆಗಿರುವುದಿಲ್ಲ. ಮನುಷ್ಯನ ಶಿಶುವಿನ ಸ್ಥಿತಿಯೂ ಇದೇ. ಆದರೆ ತಾಯಿಯ ಪ್ರತಿಕಾಯಗಳು ಮಾಸನ್ನು ದಾಟಿ, ಹುಟ್ಟುವ ಮೊದಲೇ ಶಿಶುವಿನ ರಕ್ತವನ್ನು ಸೇರಿರುತ್ತವೆ. ಹಸುವಿನ ಮಾಸಿನಲ್ಲಾದರೋ ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಜೀವಕೋಶಗಳ ಹಲವು ಪದರಗಳಿವೆ. ಆಹಾರಾಂಶಗಳು ಅವನ್ನು ದಾಟುತ್ತವೆ, ಪ್ರತಿಕಾಯಗಳು ದಾಟಲಾರವು. ಎಮ್ಮೆ, ಕುರಿ, ಮೇಕೆ, ಕುದುರೆಗಳಲ್ಲಿಯೂ ಹೀಗೆಯೇ. ಆದುದರಿಂದ ಹುಟ್ಟಿದ ಗಳಿಗೆಯಲ್ಲಿ ಕರುವಿನ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆಂದೇ ಹೇಳಬಹುದು. ಈ ಕೊರತೆಯನ್ನು ತುಂಬುವುದೇ ಗಿಣ್ಣುಹಾಲು. ಕರುಹಾಕುವ ಕೆಲವು ವಾರಗಳ ಮೊದಲಿನಿಂದಲೇ ಹಸುವಿನ ರಕ್ತದ ಪ್ರತಿಕಾಯಗಳು ಕೆಚ್ಚಲಿಗೆ ಸಾಗತೊಡಗುತ್ತವೆ. ಒಳ್ಳೆಯ ಗಿಣ್ಣುಹಾಲಿನ ಒಂದು ಲೀಟರಿನಲ್ಲಿ ಅವು ೫೦ ಗ್ರಾಂಗೂ ಮೀರಿರುತ್ತವೆ. ಸಾಮಾನ್ಯ ಹಾಲಿನಲ್ಲಿ ಒಂದು ಗ್ರಾಂ ಸಿಕ್ಕುವುದೂ ಕಷ್ಟ.

ಇದು ಬರಿಯ ಊಹೆಯಲ್ಲ. ತಾಯಿಯ ರಕ್ಷೆ ಹಾಲಿನ ಮೂಲಕವೂ ಮರಿಗೆ ಬರಬಹುದೆಂಬುದನ್ನು ಜರ್ಮನಿಯ ಪಾಲ್ ಎರ್ಲಿಕ್ ೧೮೯೨ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದರು. ೧೯೨೨ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಎಂಬುವರು ಕೆಲವು ಕರುಗಳಿಗೆ ಗಿಣ್ಣುಹಾಲನ್ನು ಕೊಟ್ಟು, ಕೆಲವಕ್ಕೆ ಕೊಡದೆ ಪರೀಕ್ಷಿಸಿದರು. ಕುಡಿದವು ಬದುಕಿದುವು, ಕುಡಿಯದವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತುವು. ಕರುಳಿನಲ್ಲಿ ಸಾಮಾನ್ಯವಾಗಿ ವಾಸಿಸುವ ಬ್ಯಾಕ್ಟೀರಿಯವೇ ಅವುಗಳ ಅಂಗಾಂಗಗಳಿಗೆ ಹರಡಿತ್ತು.

ಇಲ್ಲಿ ಒಂದು ಸಂದೇಹ ಏಳಬಹುದು. ನುಂಗಿದ ಪ್ರೋಟೀನು ಜೀರ್ಣವಾಗಿ ಒಡೆದುಹೋಗುವುದಷ್ಟೆ? ಪ್ರತಿಕಾಯವು ಇಡಿಯಾಗಿ ರಕ್ತವನ್ನು ಸೇರುವುದೆಂತು? ಈಗತಾನೆ ಹುಟ್ಟಿದ ಕರುವಿನ ಕರುಳಿಗೆ ಒಂದು ವಿಶೇಷ ಶಕ್ತಿಯುಂಟು. ಅದರ ಒಳಪೊರೆಯ ಕೋಶಗಳು ಪ್ರೋಟೀನಿನ ಅಣುಗಳನ್ನು ಒಡೆಯದೆ ಹಾಗೆಯೇ ಹೀರಿ ರಕ್ತಕ್ಕೆ ದಾಟಿಸಬಲ್ಲುವು. ಆದರೆ ಈ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತ ಬಂದು, ಸುಮಾರು ೨೪ ಗಂಟೆಗಳಲ್ಲಿ ಪೂರ್ಣವಾಗಿ ಮುಚ್ಚಿಹೋಗುತ್ತದೆ. ಆಮೇಲೆ ಎಷ್ಟು ಗಿಣ್ಣುಹಾಲನ್ನು ಕುಡಿಸಿದರೂ ಪ್ರತಿಕಾಯಗಳು ರಕ್ತವನ್ನು ಸೇರವು.

ಮಾಸು ಬೀಳುವವರೆಗೆ ಕರುವಿಗೆ ಮೊಲೆಯೂಡಿಸಬಾರದೆಂಬ ನಂಬಿಕೆ ಕೆಲವು ಕಡೆ ಉಂಟು. ಮಾಸು ಬೀಳುವುದಕ್ಕೆ ಹತ್ತು ಹನ್ನೆರಡು ಗಂಟೆಗಳೂ ಹಿಡಿಯಬಹುದು. ಹಾಗೆ ಕಾದು ಕುಳಿತರೆ, ಮತ್ತೆ ದೊರೆಯದ ಕಾಲ ಕೈಬಿಟ್ಟುಹೋಗುತ್ತದೆ. ಹುಟ್ಟಿದ ಒಂದೆರಡು ಗಂಟೆಗಳೊಳಗೇ ಕುಡಿಸಲು ತೊಡಗಿ, ಮೈತೂಕದ ಹತ್ತರಲ್ಲೊಂದು ಪಾಲನ್ನು, ಎಂದರೆ ೨೫ ಕಿಲೋಗ್ರಾಂ ತೂಗುವ ಕರುವಿಗೆ ಸುಮಾರು ಎರಡೂವರೆ ಲೀಟರನ್ನು, ಮೊದಲ ಆರು ಗಂಟೆಗಳಲ್ಲಿ ಕುಡಿಸುವುದು ಒಳ್ಳೆಯದು.

ತಾಯಿಯಿಂದ ಬಂದ ಈ ಬಳುವಳಿ ಶಾಶ್ವತವಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಇಲ್ಲಿಯೂ ನಿಜ. ವಿಕಿರಣಶೀಲ ಧಾತುವಿಗಿರುವಂತೆ ಈ ಪ್ರತಿಕಾಯಗಳಿಗೂ ಒಂದು ಅರ್ಧಾಯುಷ್ಯವಿದೆ. ಅದು ಸುಮಾರು ಮೂರು ವಾರ. ಮೊದಲು ೧೬ ಭಾಗವಿದ್ದುದು ಮೂರು ವಾರಕ್ಕೆ ೮, ಆರು ವಾರಕ್ಕೆ ೪, ಹನ್ನೆರಡು ವಾರಕ್ಕೆ ೧ ಭಾಗವಾಗಿ ಉಳಿಯುತ್ತದೆ. ಇವು ಹೆಚ್ಚಾಗಿರುವಾಗ ಲಸಿಕೆ ಹಾಕಿದರೆ, ಲಸಿಕೆಯಲ್ಲಿರುವ ಪ್ರತಿಜನಕವನ್ನೂ ಶತ್ರುವೆಂದೇ ಹಿಡಿದುಬಿಡುತ್ತವೆ. ಕರುವಿನ ಸ್ವಂತ ಕಣಗಳು ಪಾಠ ಕಲಿಯುವುದಿಲ್ಲ. ತೀರ ತಡಮಾಡಿದರೆ ಬಳುವಳಿಯೂ ಕರಗಿ, ಸ್ವಂತ ಗಳಿಕೆಯೂ ಇಲ್ಲದೆ ಕರು ರೋಗಕ್ಕೆ ಈಡಾದೀತು. ಆದುದರಿಂದಲೇ ಭಾರತದಲ್ಲಿ ಕಾಲುಬಾಯಿ ರೋಗದ ಮೊದಲ ಲಸಿಕೆಯನ್ನು ಕರುವಿಗೆ ನಾಲ್ಕು ತಿಂಗಳಾದ ಸುಮಾರಿಗೆ ಹಾಕುತ್ತಾರೆ. ಒಂದು ತಿಂಗಳ ಮೇಲೆ ಮತ್ತೊಮ್ಮೆ ಹಾಕುವುದು ನೆನಪನ್ನು ಗಟ್ಟಿಗೊಳಿಸುವುದಕ್ಕಾಗಿ.

ಗಿಣ್ಣನ್ನು ತಿನ್ನಬಾರದೆಂದು ಇದರ ಅರ್ಥವಲ್ಲ. ಹಸು ಕೊಡುವ ಗಿಣ್ಣುಹಾಲು ಅನೇಕ ವೇಳೆ ಕರುವಿಗೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಮುಂದೆ ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಹಸು ಕರುಹಾಕಿದಾಗ, ಒಮ್ಮೆ ಗಡಿಯಾರವನ್ನು ನೋಡಿಕೊಳ್ಳಿ. ಕರು ಹೊಟ್ಟೆತುಂಬ ಕುಡಿಯಿತೆ ಎಂದು ಹಿರಿಯರನ್ನು ಕೇಳಿ. ಆಮೇಲೆ ಮಿಕ್ಕುದನ್ನು ಒಲೆಯ ಮೇಲಿಡಬಹುದು.