ಹಕ್ಕಿಗೆ ಟೋಪಿ ಹಾಕಿದ ಕಾಲ

ಕುದುರೆಯ ಮೇಲೆ ಠೀವಿಯಿಂದ ಕೂತ ಒಬ್ಬ ಹೆಂಗಸು. ಅವಳ ಕೈ ಮೇಲೆ ಒಂದು ಹಕ್ಕಿ. ಜೊತೆಯಲ್ಲಿ ಊಳಿಗದವರು. ಸುಮಾರು ಮುನ್ನೂರು ವರ್ಷ ಹಳೆಯದಾದ ಈ ಚಿತ್ರದ ಅಚ್ಚುಪ್ರತಿಯನ್ನು ಉಪ್ಪಾರಪೇಟೆಯ ಯಾವುದಾದರೂ ಹೋಟೆಲಿನಲ್ಲಿ, ಬೈಟೂ ಕಾಫಿ ಹಂಚಿಕೊಂಡು ಕೂತ ನಾಲ್ವರ ಮುಂದೆ ಹರಡಿದರೆ ಏನಾದೀತು ಎಂದು ಊಹಿಸುವುದು ಕಷ್ಟವಲ್ಲ.

"ಗಿಣಿಶಾಸ್ತ್ರ ಹೇಳೋಳಿಗೆ ಕುದುರೆ ಯಾವಾಗ ಬಂತಪ್ಪಾ?" ಎಂದು ಒಬ್ಬರು ಕೇಳಿಯಾರು. "ಗಿಣಿ ಅಲ್ಲ ಕಣ್ರೀ, ಕೋಳಿ. ಸಂತೆಗೆ ಹೊರಟಿದ್ದಾಳೆ" ಎಂದು ಇನ್ನೊಬ್ಬರು ತಿದ್ದಿಯಾರು. ಇದೇ ಬಗೆಯ ಇನ್ನೊಂದೆರಡು ಚಿತ್ರಗಳನ್ನು ಪಕ್ಕಕ್ಕಿಟ್ಟರಂತೂ ಮುಗಿಯಿತು. ಒಂದರಲ್ಲಿ ಕುದುರೆಯ ಕಾಲಿಗೆ, ಬಾಲಕ್ಕೆ ಕೆಂಪು ಬಣ್ಣ. "ಮದುವೆ ಹೆಣ್ಣಿನ ಗೋರಂಟಿ ಉಳಿದಿತ್ತೇನೋ!" ಇನ್ನೊಂದರಲ್ಲಿ ಹಕ್ಕಿಯ ತಲೆಗೆ ಪುಟ್ಟ ಚರ್ಮದ ಕುಲಾವಿ. "ಮನುಷ್ಯರಿಗೆ ಟೋಪಿ ಹಾಕೋದನ್ನ ದಿನಾ ನೋಡ್ತೀವಿ, ಹಕ್ಕಿಗೂ ಬಿಡಲಿಲ್ವಲ್ಲ!"

ನಗುವಿನಲ್ಲಿ ತಪ್ಪೇನಿಲ್ಲ. ಹಳೆಯ ಭಾವಚಿತ್ರ ಮಾತು ಬಾರದ ಅತಿಥಿಯ ಹಾಗೆ. ಅದರ ಭಾಷೆ ನಮಗೆ ಮರೆತುಹೋದಾಗ ಅದರ ಕೈಸನ್ನೆಗಳು ತಮಾಷೆಯಾಗಿ ಕಾಣುತ್ತವೆ. ಆದರೆ ಈ ನಾಲ್ಕು ನಗೆಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ನಾವು ನಿಜವಾಗಿ ನಗುತ್ತಿರುವುದು ಯಾವುದಕ್ಕೆ ಎಂಬುದು ತಿಳಿಯುತ್ತದೆ.

ಮೊದಲು ಗಿಣಿಯ ವಿಚಾರ. ಚಿತ್ರದಲ್ಲಿರುವಾಕೆ ಚಾಂದ್ ಬೀಬಿ. ಅಹ್ಮದ್‌ನಗರದ ಹುಸೇನ್ ನಿಜಾಮ್ ಷಾನ ಮಗಳು, ವಿಜಾಪುರದ ಒಂದನೇ ಅಲಿ ಆದಿಲ್ ಷಾನ ರಾಣಿ. 1580ರಲ್ಲಿ ಅಲಿಯ ಕೊಲೆಯಾಗಿ, ಒಂಬತ್ತು ವರ್ಷದ ಬಾಲಕ ಎರಡನೇ ಇಬ್ರಾಹಿಂ ಪಟ್ಟಕ್ಕೆ ಬಂದಾಗ ರಾಜ್ಯವನ್ನು ಕಾಯುವ ಹೊಣೆ ಆಕೆಯ ಹೆಗಲಿಗೆ ಬಿತ್ತು. ಮುಂದೆ ತವರಿಗೆ ಮರಳಿ, 1595-96ರಲ್ಲಿ ಅಹ್ಮದ್‌ನಗರದ ಕೋಟೆಯನ್ನು ಮೊಘಲರ ಮುತ್ತಿಗೆಯಿಂದ ಉಳಿಸಿಕೊಂಡು ಹೆಸರಾದಳು. ಆಕೆಗೆ ಹಲವು ಭಾಷೆಗಳು ಬರುತ್ತಿದ್ದವು, ಅವುಗಳಲ್ಲಿ ಕನ್ನಡವೂ ಒಂದು ಎಂಬ ಮಾತು ಪ್ರಚಲಿತವಾಗಿದೆ. ಆಕೆ ಕುದುರೆಯೇರಿ ಹಕ್ಕಿ ಹಿಡಿದು ಹೊರಟ ಚಿತ್ರಗಳನ್ನು ದಖ್ಖನಿನ ಕಲಾವಿದರು ಮತ್ತೆ ಮತ್ತೆ ಬರೆದರು. ಸುಮಾರು 1700ರ ಹೊತ್ತಿನ ಅಂಥ ಒಂದು ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಆಕೆ ಸಾಕಿದ ಇಬ್ರಾಹಿಂ ದೊಡ್ಡವನಾಗಿ, ಗಿಡುಗ ಹಿಡಿದು ಕುದುರೆ ಏರಿದ ಚಿತ್ರ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ.

ಹಾಗಾದರೆ ಕೈ ಮೇಲಿರುವುದು ಗಿಣಿಯೂ ಅಲ್ಲ, ಕೋಳಿಯೂ ಅಲ್ಲ, ಪಳಗಿಸಿದ ಬೇಟೆಹಕ್ಕಿ. ಹಳಗನ್ನಡದಲ್ಲಿ ಅದಕ್ಕೆ ಡೇಗೆ ಎಂಬ ಹೆಸರಿದೆ. ಗಿಡುಗವನ್ನು ಹಾರಿಸಿ ಬೇರೆ ಹಕ್ಕಿಗಳನ್ನು ಹಿಡಿಯುವುದು ಅರಸರ ಮೆಚ್ಚಿನ ವಿನೋದವಾಗಿತ್ತು. ಇದು ಸುಲ್ತಾನರ ಕಾಲದಲ್ಲಿ ಹೊರಗಿನಿಂದ ಬಂದದ್ದೆಂದು ತಿಳಿಯುವವರಿದ್ದಾರೆ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ನಡುವೆ ಶ್ಯೇನ ವಿನೋದಕ್ಕೇ ಒಂದು ಅಧ್ಯಾಯವಿದೆ. ಶ್ಯೇನವೆಂದರೆ ಗಿಡುಗ. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ವಿಜಾಪುರದಲ್ಲಿ ಆದಿಲ್ ಷಾಹಿ ಆಳ್ವಿಕೆ ಶುರುವಾಗುವುದಕ್ಕೆ ಮೂರೂವರೆ ಶತಮಾನ ಮುಂಚಿನ ಮಾತು ಇದು.

ಇನ್ನು ಟೋಪಿ. ಇದು ನಗೆಯ ಮಾತಾದರೂ ಹೆಸರು ಸರಿಯಾಗಿಯೇ ಇದೆ. ಉತ್ತರ ಭಾರತದ ಗಿಡುಗ ಸಾಕುವವರು ಅದನ್ನು ಟೋಪಿ ಎಂದೇ ಕರೆಯುತ್ತಿದ್ದರು. ಗಿಡುಗದ ದೃಷ್ಟಿ ಬಲು ಚುರುಕು. ನಮ್ಮ ಕಣ್ಣಿಗೆ ಕಾಣದ ದೂರದ ಚಲನೆಯೂ ಅದಕ್ಕೆ ಕಾಣುತ್ತದೆ, ಕಂಡದ್ದಕ್ಕೆಲ್ಲ ಅದು ಬೆದರುತ್ತದೆ, ಇಲ್ಲವೇ ಎರಗಲು ಹೊರಡುತ್ತದೆ. ಕಣ್ಣು ಮುಚ್ಚಿದರೆ ಸುಮ್ಮನೆ ಕೂರುತ್ತದೆ. ಬೇಟೆ ಎದ್ದಾಗ ಟೋಪಿ ತೆಗೆದು ಹಾರಿಬಿಡುವುದು ಕ್ರಮ. ಕೈಗೆ ಹಾಕಿಕೊಳ್ಳುವ ದಪ್ಪ ಚರ್ಮದ ಗವಸು ಉಗುರುಗಳಿಂದ ರಕ್ಷಣೆಗೆ. ಕಾಲಿಗೆ ಕಟ್ಟಿದ ತೊಗಲಪಟ್ಟಿ ಹಿಡಿತಕ್ಕೆ. ಗೆಜ್ಜೆ ಕಟ್ಟುವುದು ಅಲಂಕಾರಕ್ಕಲ್ಲ. ಬೇಟೆಯನ್ನು ಹಿಡಿದು ಪೊದೆಯಲ್ಲಿ ಕೂತ ಹಕ್ಕಿ ಎಲ್ಲಿದೆಯೆಂದು ಸದ್ದಿನಿಂದ ಪತ್ತೆ ಹಚ್ಚಲಿಕ್ಕೆ. ಕುದುರೆಯ ಕಾಲು ಬಾಲಗಳ ಕೆಂಪು ನಿಜಕ್ಕೂ ಗೋರಂಟಿಯೇ. ಅರಮನೆಯ ಕುದುರೆಗಳನ್ನು ಹೀಗೆ ಸಿಂಗರಿಸುವ ರೂಢಿ ದಖ್ಖನಿ, ಮೊಘಲ್ ಚಿತ್ರಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಕಾಫಿ ಹೋಟೆಲಿನ ತಮಾಷೆ ಅಲ್ಲಿ ಸತ್ಯವನ್ನೇ ಮುಟ್ಟಿತ್ತು!

ಆದರೆ ಇವೆಲ್ಲ ಸಲಕರಣೆಯ ಸಂಗತಿ. ಚಿತ್ರದ ಮರ್ಮ ಬೇರೆಯೇ ಇದೆ. ಗಿಡುಗ ನಾಯಿಯಂತೆ ಯಜಮಾನನಿಗೆ ಒಗ್ಗಿಕೊಳ್ಳುವ ಪ್ರಾಣಿಯಲ್ಲ. ವಾರಗಟ್ಟಲೆ ಹಸಿವು ಮತ್ತು ಆಹಾರದ ಲೆಕ್ಕಾಚಾರದಲ್ಲಿ, ಅಪಾರ ತಾಳ್ಮೆಯಿಂದ ಅದನ್ನು ಕೈಗೆ ಬರುವಂತೆ ಮಾಡಬೇಕು. ಅಷ್ಟಾದರೂ ಹಾರಿಬಿಟ್ಟ ಪ್ರತಿ ಸಲವೂ ಅದು ಮರಳದೇ ಹೋಗಬಹುದು. ಹೊಡೆದು ಬಡಿದು ಕರೆಸಿಕೊಳ್ಳುವಂತಿಲ್ಲ. ಇಂಥ ಹಕ್ಕಿ ಅರಸನ ಕೈ ಮೇಲೆ ನೆಮ್ಮದಿಯಾಗಿ ಕೂತಿದೆಯೆಂದರೆ, ಬಲಕ್ಕೆ ಬಗ್ಗದವರನ್ನೂ ಜಾಣ್ಮೆಯಿಂದ ಅಂಕೆಯಲ್ಲಿಡಬಲ್ಲವನು ಅವನು ಎಂದು ಅಂದಿನ ನೋಡುಗ ಓದಿಕೊಳ್ಳಬಹುದಾಗಿತ್ತು.

ಚಾಂದ್ ಬೀಬಿಯ ಕೈ ಮೇಲಿನ ಹಕ್ಕಿಗೆ ಈ ಅರ್ಥ ಇನ್ನಷ್ಟು ಹತ್ತಿರ. ಬಾಲಕ ಸುಲ್ತಾನನ ಸುತ್ತ ಕಿತ್ತಾಡುತ್ತಿದ್ದ ಸರದಾರರ ನಡುವೆ ಆಕೆ ರಾಜ್ಯವನ್ನು ಹಿಡಿದಿಟ್ಟವಳು. ಅವರಲ್ಲೊಬ್ಬ ಆಕೆಯನ್ನೇ ಸಾತಾರಾದಲ್ಲಿ ಸೆರೆಯಲ್ಲಿಟ್ಟದ್ದೂ ಉಂಟು. ಕೊನೆಗೆ, 1600ರಲ್ಲಿ ಅಹ್ಮದ್‌ನಗರ ಮೊಘಲರ ಪಾಲಾಗುವ ಹೊತ್ತಿಗೆ, ಆಕೆಯನ್ನು ಕೊಂದವರು ಶತ್ರುಗಳಲ್ಲ, ಕೋಟೆಯೊಳಗಿದ್ದ ಆಕೆಯ ಕಡೆಯವರೇ. ನೂರು ವರ್ಷದ ಬಳಿಕ, ಆಕೆಯ ಮುಖವನ್ನೇ ಕಂಡಿರದ ಕಲಾವಿದ ಆಕೆಯ ಕೈಗೆ ಕತ್ತಿ ಕೊಡಬಹುದಿತ್ತು. ಕೊಟ್ಟದ್ದು ಗಿಡುಗವನ್ನು. ಇನ್ನೊಂದು ಸ್ವಾರಸ್ಯವೂ ಇದೆ: ಬೇಟೆಹಕ್ಕಿಗಳಲ್ಲಿ ಗಂಡಿಗಿಂತ ಹೆಣ್ಣೇ ದೊಡ್ಡದು, ಹೆಚ್ಚು ಬಲಿಷ್ಠ. ಅರಮನೆಗಳಲ್ಲಿ ಹೆಚ್ಚು ಬೆಲೆ ಇದ್ದದ್ದೂ ಹೆಣ್ಣು ಹಕ್ಕಿಗೇ.

ಒಂದು ಕಸುಬು ಹೋದಮೇಲೆ ಹೆಸರು ಮಾತ್ರ ಉಳಿಯುವುದು ಬೆಂಗಳೂರಿನ ಪೇಟೆಗಳಿಗೆ ಹೊಸದಲ್ಲ. ಉಪ್ಪು ತಯಾರಿಕೆ, ಕಟ್ಟಡದ ಕೆಲಸ ಕುಲಕಸುಬಾಗಿದ್ದ ಉಪ್ಪಾರರ ಹೆಸರು ಉಪ್ಪಾರಪೇಟೆಯಲ್ಲಿದೆ. ಅಲ್ಲಿ ಬಸ್ ಹಿಡಿಯಲು ಓಡುವವರಿಗೆ ಆ ಹೆಸರು ಉಪ್ಪನ್ನು ನೆನಪಿಸುವುದಿಲ್ಲ. ಗಿಡುಗದ ಕಥೆಯೂ ಹಾಗೆಯೇ. ಬೇಟೆಗೆ ಬಳಸುವ ಗಿಡುಗಕ್ಕೆ ಸಾಳುವ ಎಂಬ ಹೆಸರಿತ್ತು. 1485ರಲ್ಲಿ ವಿಜಯನಗರದ ಗದ್ದುಗೆ ಏರಿದ ಸಾಳುವ ನರಸಿಂಹನ ಮನೆತನದ ಹೆಸರಿನಲ್ಲಿ ಅದು ಬಿರುದಾಗಿ ಕೂತಿದೆ. ಶಾಲೆಯ ಮಕ್ಕಳು ಸಂಗಮ, ಸಾಳುವ, ತುಳುವ, ಅರವೀಡು ಎಂದು ಉರುಹೊಡೆಯುತ್ತಾರೆ. ಎರಡನೆಯ ಹೆಸರಿನಲ್ಲಿ ಒಂದು ಹಕ್ಕಿ ಇದೆಯೆಂದು ಹೇಳುವವರು ಕಡಿಮೆ.

ಆ ಬೇಟೆ ಮತ್ತೆ ಬರಲಿ ಎಂದು ಹಂಬಲಿಸಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡಿನ ಗಿಡುಗವನ್ನು ಹಿಡಿಯುವುದು, ಸಾಕುವುದು ಅಪರಾಧ. ಹಕ್ಕಿಗಳ ದೃಷ್ಟಿಯಿಂದ ಅದು ಒಳ್ಳೆಯದೇ. ಗಿಡುಗದ ಬೇಟೆಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ 11 ದೇಶಗಳಿದ್ದವು. 2021ರ ವೇಳೆಗೆ 24 ಆದವು. ಪಾಕಿಸ್ತಾನ ಅದರಲ್ಲಿದೆ, ಭಾರತ ಇಲ್ಲ. ಬೇಟೆ ಹೋಗಲಿ, ಅದರ ತಿಳಿವಳಿಕೆಯಾದರೂ ಉಳಿಯದಿದ್ದರೆ ನಮ್ಮದೇ ನೆಲದ ರಾಣಿಯೊಬ್ಬಳು ನಮ್ಮ ಕಣ್ಣಿಗೆ ಗಿಣಿಶಾಸ್ತ್ರದವಳಾಗಿಬಿಡುತ್ತಾಳೆ ಎಂಬುದಷ್ಟೇ ಚಿಂತೆ.

ಗಿಡುಗಗಳಂತೂ ಎಲ್ಲಿಗೂ ಹೋಗಿಲ್ಲ. ಹಿಂದೆ ಸಾಮಾನ್ಯರೂ ಸಣ್ಣ ಬೇಟೆಗೆ ಪಳಗಿಸುತ್ತಿದ್ದ ಶಿಕ್ರಾ ಇಂದಿಗೂ ಲಾಲ್‌ಬಾಗಿನ, ಕಬ್ಬನ್ ಪಾರ್ಕಿನ ಮರಗಳಲ್ಲಿ ಯಾರ ಹಂಗೂ ಇಲ್ಲದೆ ಓತಿಕೇತ ಹಿಡಿದು ತಿನ್ನುತ್ತಿದೆ. ತೊಂದರೆಗೆ ಸಿಕ್ಕಿರುವುದು ಗಿಣಿಶಾಸ್ತ್ರದವನೇ. ಅದೇ ಕಾಯ್ದೆ ಅವನ ಗಿಣಿಗೂ ಅನ್ವಯಿಸುವುದರಿಂದ ಪಂಜರ, ಚೀಟಿಗಳ ಸಮೇತ ಅವನೂ ಪಾದಚಾರಿ ಮಾರ್ಗದಿಂದ ಮರೆಯಾಗುತ್ತಿದ್ದಾನೆ. ಇನ್ನೊಂದು ತಲೆಮಾರು ಕಳೆದರೆ, ಕೈ ಮೇಲೆ ಹಕ್ಕಿ ಹೊತ್ತ ರಾಣಿಯ ಚಿತ್ರಕ್ಕಷ್ಟೇ ಅಲ್ಲ, ಅದನ್ನು ನೋಡಿ ಇಂದು ಹುಟ್ಟುವ ನಗೆಮಾತಿಗೂ ವಿವರಣೆ ಬೇಕಾದೀತು.