ನಮ್ಮ ಗಾಡಿ, ನಮ್ಮ ಪಾನಾ

ಗೇರಿಲ್ಲದ ಸಣ್ಣ ಗಾಡಿಯನ್ನು ನೀವೆಲ್ಲ ನೋಡಿದ್ದೀರಿ. ಹಾಲಿನ ಕ್ಯಾನು ಅದರ ಮೇಲೆ ಹೋಗುತ್ತದೆ. ಹೂವಿನ ಮೂಟೆ ಹೋಗುತ್ತದೆ. ಸೊಪ್ಪಿನ ಕಟ್ಟು, ಹುಲ್ಲಿನ ಹೊರೆ, ಒಮ್ಮೊಮ್ಮೆ ಕುರಿಮರಿಯೂ ಹೋಗುತ್ತದೆ. ಬಡವರ ಪಾಲಿಗೆ ಇದೇ ಲಾರಿ.

1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಎಂಬ ಮೊಪೆಡ್ಡು ಬಂತು. ಅದರಲ್ಲಿ ಇಬ್ಬರು ಕೂರಬಹುದಿತ್ತು. ಈಗಿನ ಎಕ್ಸೆಲ್ 100 ಗಾಡಿಯೂ ಅದೇ ಮನೆತನದ್ದು. ಯಾವ ಹೆಸರಿದ್ದರೂ ನಮ್ಮ ಹಳ್ಳಿಯಲ್ಲಿ ಎಲ್ಲಕ್ಕೂ "ಟಿವಿಎಸ್" ಅಂತಲೇ ಕರೆಯುತ್ತಾರೆ.

ನಮ್ಮ ಹತ್ತಿರವೂ ಒಂದಿದೆ. 2014ರ ಗಾಡಿ. ಶಾಲೆಗೆ, ಸಂಜೆಯ ಕಲಿಕಾ ಕೇಂದ್ರಕ್ಕೆ ಅದರಲ್ಲೇ ಓಡಾಟ.

ಒಂದು ದಿನ ಬೆಳಿಗ್ಗೆ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಅವರದು ಹೂವಿನ ವ್ಯಾಪಾರ. ತೊಡೆಯ ಮೇಲೆ ಸೇವಂತಿಗೆ ಬುಟ್ಟಿ. ಕೆರೆ ಏರಿ ಮುಗಿದ ಮೇಲೆ ಒಂದು ಉದ್ದನೆಯ ಇಳಿಜಾರು ಬರುತ್ತದೆ. ಅಲ್ಲಿ ನಾವು ಯಾವಾಗಲೂ ಇಂಜಿನ್ ಆಫ್ ಮಾಡುತ್ತಿದ್ದೆವು. ಪೆಟ್ರೋಲು ಉಳಿಯುತ್ತದೆ ಅನ್ನುವ ಆಸೆ! ಅವತ್ತೂ ಹಾಗೇ ಮಾಡಿದೆವು. ಕೆಳಗೆ ಎತ್ತಿನ ಗಾಡಿಯೊಂದು ಅಡ್ಡ ಬಂತು. ಬ್ರೇಕು ಹಿಡಿದೆವು. ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ತಾಗಿತೇ ಹೊರತು ಗಾಡಿ ನಿಲ್ಲಲಿಲ್ಲ. ಮುಂದಿನ ಬ್ರೇಕೂ ಅಷ್ಟಕ್ಕಷ್ಟೇ. ರಸ್ತೆ ಪಕ್ಕದ ಲಂಟಾನ ಪೊದೆಗೆ ನುಗ್ಗಿಸಿ ನಿಲ್ಲಿಸಿದೆವು. ಅಕ್ಕನ ಮೊಣಕೈ ಕಿತ್ತು ಹೋಯಿತು. ಹೂವೆಲ್ಲ ಮಣ್ಣುಪಾಲು. ಅವತ್ತು ಹಬ್ಬದ ಹಿಂದಿನ ದಿನ. ಅವರ ಒಂದು ವಾರದ ಲಾಭ ಅಲ್ಲಿ ಚೆಲ್ಲಿತ್ತು. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮಾರನೆಯ ದಿನ ಗಾಡಿಯನ್ನು ರಿಪೇರಿ ಅಂಗಡಿಗೆ ಕೊಟ್ಟೆವು. ಅಲ್ಲಿಯ ಹುಡುಗ ಒಂದೇ ಒಂದು ನಟ್ಟು ಹಿಡಿದು ಸರಸರ ತಿರುಗಿಸಿದ. ಎರಡು ನಿಮಿಷದ ಕೆಲಸ. "ಈಗ ನೋಡಿ ಟೀಚರ್, ಕಲ್ಲು ನಿಂತಂಗೆ ನಿಲ್ಲುತ್ತೆ" ಅಂದ. ದುಡ್ಡು ಕೊಟ್ಟು ಬಂದೆವು. ದಾರಿಯಲ್ಲಿ ಗಾಡಿ ಎಳೆಯಲಾರದೆ ಎಳೆಯಿತು. ಆಮೇಲೆ ಸುಟ್ಟ ವಾಸನೆ. ಇಳಿದು ನೋಡಿದರೆ ಹಿಂದಿನ ಗಾಲಿಯ ನಡುಭಾಗ ಕೆಂಡದ ಹಾಗೆ ಬಿಸಿ. ಒಂದು ಹನಿ ನೀರು ಬಿದ್ದರೆ ದೋಸೆ ಹಂಚಿನಂತೆ ಚುಂಯ್ ಅಂದಿತು.

ಮೊದಲು ತೀರ ಸಡಿಲ. ಆಮೇಲೆ ತೀರ ಬಿಗಿ. ಎರಡಕ್ಕೂ ಕಾರಣ ಒಂದೇ ನಟ್ಟು.

ಹೂವಿನ ಅಕ್ಕ ಆಗ ಕೇಳಿದರು: "ಟೀಚರ್, ಅದರೊಳಗೆ ಏನೈತೆ?" ನಮಗೂ ಗೊತ್ತಿರಲಿಲ್ಲ. ಗಾಡಿ ಜೊತೆ ಕೊಟ್ಟ ಪುಸ್ತಕ ಪೆಟ್ಟಿಗೆಯಲ್ಲಿ ಮಲಗಿತ್ತು. ತೆಗೆದೆವು. ಚಿತ್ರ ನೋಡುತ್ತ, ಅಂಕಿ ಓದುತ್ತ ಇಬ್ಬರೂ ಕೂತೆವು. ಆಮೇಲೆ ಗೊತ್ತಿರುವ ಒಬ್ಬ ಮೇಸ್ತ್ರಿ ಗಾಲಿ ಬಿಚ್ಚಿ ತೋರಿಸಿದರು. ನೋಡಿ ತಿಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಗಾಲಿಯ ನಡುವೆ ಒಂದು ಡಬ್ಬಿ ಇದೆ. ಅದಕ್ಕೆ ಡ್ರಮ್ಮು ಅನ್ನುತ್ತಾರೆ. ಗಾಲಿ ತಿರುಗಿದರೆ ಡ್ರಮ್ಮೂ ತಿರುಗುತ್ತದೆ. ಅದರ ಒಳಗೆ ಅರ್ಧಚಂದ್ರದ ಹಾಗಿರುವ ಎರಡು ತುಂಡು ಇವೆ. ಅವು ತಿರುಗುವುದಿಲ್ಲ. ಅವಕ್ಕೆ ಬ್ರೇಕ್ ಶೂ ಎಂದು ಹೆಸರು. ಶೂ ಮೈಮೇಲೆ ಒರಟಾದ ಪಟ್ಟಿ ಅಂಟಿಸಿರುತ್ತಾರೆ. ಅದು ಲೈನರ್. ನೀವು ಹಿಡಿಯನ್ನು ಒತ್ತಿದಾಗ ಕೇಬಲ್ ಎಳೆಯುತ್ತದೆ. ಶೂಗಳು ಹೊರಕ್ಕೆ ಅಗಲುತ್ತವೆ. ಲೈನರ್ ಡ್ರಮ್ಮಿನ ಒಳಗೋಡೆಯನ್ನು ಉಜ್ಜುತ್ತದೆ. ಗಾಲಿ ನಿಲ್ಲುತ್ತದೆ. ಕೈಬಿಟ್ಟರೆ ಸ್ಪ್ರಿಂಗು ಶೂಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಶೂಗೂ ಡ್ರಮ್ಮಿಗೂ ನಡುವೆ ಕೂದಲೆಳೆಯಷ್ಟು ಜಾಗ ಇರಬೇಕು. ಎಲ್ಲ ಇರುವುದು ಈ ಜಾಗದಲ್ಲೇ. ಓಡಿದಂತೆಲ್ಲ ಲೈನರ್ ಸವೆಯುತ್ತದೆ, ಚಪ್ಪಲಿಯ ಹಿಮ್ಮಡಿ ಸವೆದ ಹಾಗೆ. ಜಾಗ ದೊಡ್ಡದಾಗುತ್ತದೆ. ಆಗ ಹಿಡಿಯನ್ನು ಪೂರ್ತಿ ಒತ್ತಿದರೂ ಶೂ ಗೋಡೆ ಮುಟ್ಟುವುದಿಲ್ಲ. ಕೆರೆ ಏರಿಯಲ್ಲಿ ನಮಗೆ ಆಗಿದ್ದು ಇದೇ. ನಟ್ಟು ಅತಿ ಬಿಗಿಯಾದರೆ ಜಾಗವೇ ಇರುವುದಿಲ್ಲ. ಶೂ ಸದಾ ಉಜ್ಜುತ್ತಲೇ ಇರುತ್ತದೆ. ಬಿಸಿಯಾಗುತ್ತದೆ. ಪೆಟ್ರೋಲು ಕುಡಿಯುತ್ತದೆ. ಬಿಸಿ ಹೆಚ್ಚಾದ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಬಿಗಿ ಬ್ರೇಕೂ ಕೈಕೊಡುವುದು ಹೀಗೆ.

ಈಗ ಇನ್ನೊಂದು ಡ್ರಮ್ಮಿನ ವಿಷಯ. ಈ ಗಾಡಿಗೆ ಗೇರು ಇಲ್ಲ, ಕೈಯಲ್ಲಿ ಹಿಡಿಯುವ ಕ್ಲಚ್ಚೂ ಇಲ್ಲ. ಹಾಗಾದರೆ ಆಕ್ಸಿಲೇಟರ್ ಕೊಟ್ಟ ಕೂಡಲೇ ಹೇಗೆ ಹೊರಡುತ್ತದೆ? ಬಿಟ್ಟ ಕೂಡಲೇ ಇಂಜಿನ್ ಆರದೆ ಹೇಗೆ ನಿಲ್ಲುತ್ತದೆ? ಇಂಜಿನ್ನಿನ ಹತ್ತಿರ ಇಂಥದ್ದೇ ಒಂದು ಡ್ರಮ್ಮು ಇದೆ. ಅದರೊಳಗೂ ಶೂಗಳಿವೆ. ಆದರೆ ಈ ಶೂಗಳು ಇಂಜಿನ್ನಿನ ಜೊತೆ ತಿರುಗುತ್ತವೆ. ಪುಟ್ಟ ಹುಡುಗಿ ಲಂಗ ತೊಟ್ಟು ಗಿರಗಿರ ತಿರುಗುವುದನ್ನು ನೋಡಿದ್ದೀರಲ್ಲ? ಮೆಲ್ಲಗೆ ತಿರುಗಿದರೆ ಲಂಗ ಕಾಲಿಗೆ ಅಂಟಿಕೊಂಡಿರುತ್ತದೆ. ಜೋರಾಗಿ ತಿರುಗಿದರೆ ಅಂಚು ಹೊರಕ್ಕೆ ಅರಳುತ್ತದೆ. ಶೂಗಳೂ ಹಾಗೇ. ಇಂಜಿನ್ ಮೆಲ್ಲಗಿದ್ದಾಗ ಸ್ಪ್ರಿಂಗು ಅವನ್ನು ಒಳಗೆ ಹಿಡಿದಿರುತ್ತದೆ. ವೇಗ ಏರಿದಾಗ ಅವು ಹೊರಕ್ಕೆ ಚಿಮ್ಮಿ ಡ್ರಮ್ಮನ್ನು ಹಿಡಿಯುತ್ತವೆ. ಡ್ರಮ್ಮು ಚೈನನ್ನು ಎಳೆಯುತ್ತದೆ. ಚೈನು ಗಾಲಿಯನ್ನು ಎಳೆಯುತ್ತದೆ. ಯಾರೂ ಗೇರು ಹಾಕಬೇಕಿಲ್ಲ. ತಾನಾಗಿಯೇ ಹಿಡಿಯುತ್ತದೆ, ತಾನಾಗಿಯೇ ಬಿಡುತ್ತದೆ.

ಇದು ಗೊತ್ತಾದ ಮೇಲೆ ನಮ್ಮ ತಪ್ಪು ನಮಗೆ ಕಾಣಿಸಿತು. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದರೆ ಶೂಗಳು ತಿರುಗುವುದಿಲ್ಲ. ಒಳಗೆ ಮುದುಡಿಕೊಳ್ಳುತ್ತವೆ. ಆಗ ಇಂಜಿನ್ನಿಗೂ ಗಾಲಿಗೂ ಸಂಬಂಧವೇ ಇಲ್ಲ. ಇಂಜಿನ್ ಓಡುತ್ತಿದ್ದರೆ ಆಕ್ಸಿಲೇಟರ್ ಬಿಟ್ಟಾಗ ಅದು ಸ್ವಲ್ಪವಾದರೂ ಗಾಡಿಯನ್ನು ತಡೆಯುತ್ತದೆ. ಆಫ್ ಮಾಡಿದರೆ ಇಬ್ಬರ ಭಾರ, ಬುಟ್ಟಿಯ ಭಾರ, ಇಳಿಜಾರಿನ ಓಟ ಎಲ್ಲವೂ ಆ ಎರಡು ಅರ್ಧಚಂದ್ರದ ಮೇಲೇ ಬೀಳುತ್ತದೆ. ನಾವು ಉಳಿಸಿದ್ದು ಒಂದು ಚಮಚ ಪೆಟ್ರೋಲು.

ಸರಿ, ಬ್ರೇಕನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ? ಸಮತಟ್ಟಾದ ಜಾಗದಲ್ಲಿ ನಡುವಿನ ಸ್ಟ್ಯಾಂಡು ಹಾಕಿ. ಇಂಜಿನ್ ಆಫ್ ಇರಲಿ. ಗಾಡಿ ತಣ್ಣಗಿರಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಮಕ್ಕಳನ್ನು ದೂರ ಕಳಿಸಿ. ಚೈನಿಗೆ ಬೆರಳು ಸಿಕ್ಕಿದರೆ ಬೆರಳು ಉಳಿಯುವುದಿಲ್ಲ.

ಮೊದಲು ಎಡಗೈ ಹಿಡಿಯನ್ನು ಮೆಲ್ಲಗೆ ಒತ್ತಿ. ಅದು ಹಿಂದಿನ ಬ್ರೇಕು. ಮೊದಲ ಸ್ವಲ್ಪ ದೂರ ಹಿಡಿ ಸುಮ್ಮನೆ ಬರುತ್ತದೆ. ಯಾವ ಬಿಗಿಯೂ ಇರುವುದಿಲ್ಲ. ಇದಕ್ಕೆ ಆಟ ಅನ್ನುತ್ತಾರೆ. ಆಮೇಲೆ ಬಿಗಿ ಸಿಗುತ್ತದೆ. ಹಿಡಿಯ ತುದಿಯಲ್ಲಿ ಈ ಆಟ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಇರಬೇಕು. ಮಕ್ಕಳ ಸ್ಕೇಲು ಇಟ್ಟು ನೋಡಿ. 10 ಮಿಲಿಮೀಟರ್ ಅಂದರೆ 1 ಸೆಂಟಿಮೀಟರ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಈಗ ಹಿಂದಿನ ಗಾಲಿಯ ಹತ್ತಿರ ಕೂತುಕೊಳ್ಳಿ. ಬ್ರೇಕಿನ ಕೇಬಲ್ ಎಲ್ಲಿಗೆ ಬರುತ್ತದೆ ಎಂದು ಕಣ್ಣಿನಲ್ಲೇ ಹಿಂಬಾಲಿಸಿ. ಕೊನೆಯಲ್ಲಿ ಒಂದು ಸಣ್ಣ ಕಬ್ಬಿಣದ ತೋಳು, ಅದರ ಹಿಂದೆ ಒಂದು ನಟ್ಟು. ಅಂಗಡಿಯ ಹುಡುಗ ತಿರುಗಿಸಿದ್ದು ಇದನ್ನೇ. ಸರಿಯಾದ ಪಾನಾ ತೆಗೆದುಕೊಳ್ಳಿ. ಪಾನಾದ ಮೇಲೆ ಅಂಕಿ ಕೊರೆದಿರುತ್ತದೆ: 8, 10, 12, 14. ಸಡಿಲ ಪಾನಾ ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಯಾವ ಪಾನಾಕ್ಕೂ ಬಗ್ಗುವುದಿಲ್ಲ.

ಹಿಂದಿನಿಂದ ನೋಡಿಕೊಂಡು ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಗಿ. ಅದರ ವಿರುದ್ಧ ಸಡಿಲ. ಒಂದು ಸಲಕ್ಕೆ ಅರ್ಧ ಸುತ್ತು ಮಾತ್ರ. ನಟ್ಟಿನ ಮುಖದಲ್ಲಿ ಒಂದು ತೋಡು ಇರುತ್ತದೆ. ಅರ್ಧ ಸುತ್ತಿಗೊಮ್ಮೆ ಅದು ಟಕ್ಕೆಂದು ತನ್ನ ಜಾಗದಲ್ಲಿ ಕೂರುತ್ತದೆ. ಕೈಗೆ ಗೊತ್ತಾಗುತ್ತದೆ. ನಡುವೆ ನಿಲ್ಲಿಸಬೇಡಿ. ಅಲುಗಾಡಿ ಸಡಿಲ ಆಗುತ್ತದೆ.

ಅರ್ಧ ಸುತ್ತು ಆದ ಮೇಲೆ ಗಾಲಿಯನ್ನು ಕೈಯಿಂದ ತಿರುಗಿಸಿ. ಕಿವಿಗೊಟ್ಟು ಕೇಳಿ. ಸರಾಗವಾಗಿ ತಿರುಗಿ ತಾನಾಗಿ ನಿಂತರೆ ಸರಿ. ಚರಚರ ಉಜ್ಜಿ ಬೇಗ ನಿಂತರೆ ಬಿಗಿ ಜಾಸ್ತಿ. ಅರ್ಧ ಸುತ್ತು ಹಿಂದಕ್ಕೆ ಬನ್ನಿ. ಮತ್ತೆ ಹಿಡಿ ಒತ್ತಿ ಆಟ ನೋಡಿ. ಹೀಗೆ ನೋಡುವುದು, ತಿರುಗಿಸುವುದು, ಮತ್ತೆ ನೋಡುವುದು. ತೊಟ್ಟಿಲ ಹಗ್ಗ ಕಟ್ಟಿದವರಿಗೆ ಈ ಕೆಲಸ ಹೊಸದಲ್ಲ. ಒಮ್ಮೆ ಕಟ್ಟಿ, ಜೋತು ನೋಡಿ, ಮತ್ತೆ ಕಟ್ಟುತ್ತೀರಲ್ಲ. "ಇದು ಗಂಡಸರ ಕೆಲಸ" ಅಂತ ಯಾರು ಹೇಳಿದರೋ ಕಾಣೆ.

ಮುಂದಿನ ಗಾಲಿಗೂ ಇದೇ ರೀತಿ. ಆದರೆ 2019ರಿಂದ ಬಂದ ಹೊಸ ಗಾಡಿಗಳಲ್ಲಿ ಎಡಗೈ ಬ್ರೇಕು ಹಿಂದಿನ ಗಾಲಿಯ ಜೊತೆ ಮುಂದಿನದನ್ನೂ ಹಿಡಿಯುತ್ತದೆ. ಅಲ್ಲಿ ಎರಡು ಗಾಲಿಯ ಹಿಡಿತ ಹೊಂದಬೇಕು. ಅಂಥ ಗಾಡಿಯಲ್ಲಿ ಆಟ ಎಷ್ಟಿದೆ ಅಂತ ನೀವು ಅಳೆಯಿರಿ. ನಟ್ಟು ಮುಟ್ಟುವ ಕೆಲಸ ತಿಳಿದವರದಾಗಲಿ.

ಚೈನು ಜೋತುಬಿದ್ದಿದ್ದರೆ ಮೊದಲು ಚೈನು ಬಿಗಿ ಮಾಡಿಸಿ. ಅದಕ್ಕೆ ಗಾಲಿಯನ್ನೇ ಹಿಂದಕ್ಕೆ ಸರಿಸುತ್ತಾರೆ. ಆಗ ಬ್ರೇಕಿನ ಆಟವೂ ಬದಲಾಗಬಹುದು. ಆದ್ದರಿಂದ ಬ್ರೇಕನ್ನು ಕೊನೆಗೆ ನೋಡಬೇಕು.

ಇನ್ನೊಂದು ಪರೀಕ್ಷೆ ಇದೆ. ಇಂಜಿನ್ ಬಿಸಿಯಾದ ಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೇ ಚಾಲೂ ಮಾಡಿ. ಆಕ್ಸಿಲೇಟರ್ ಮುಟ್ಟಬೇಡಿ. ಹಿಂದಿನ ಗಾಲಿ ನಿಂತಿರಬೇಕು. ಸೋಮಾರಿಯಾಗಿ ಸ್ವಲ್ಪ ತಿರುಗಿದರೂ ಬ್ರೇಕು ಮುಟ್ಟಿದ ಕೂಡಲೇ ನಿಲ್ಲಬೇಕು. ಗಿರಗಿರ ತಿರುಗುತ್ತಲೇ ಇದ್ದರೆ ಇಂಜಿನ್ ವೇಗ ಜಾಸ್ತಿ ಇದೆ ಎಂದರ್ಥ. ಲಂಗ ಆಗಲೇ ಅರಳಿದೆ! ಇಂಥ ಗಾಡಿ ಸ್ಟ್ಯಾಂಡು ತೆಗೆದ ಕೂಡಲೇ ಮುಂದಕ್ಕೆ ಹಾರುತ್ತದೆ. ಕ್ಲಚ್ ಶೂ ಸುಮ್ಮಸುಮ್ಮನೆ ಸವೆಯುತ್ತದೆ. ಹಳೆಯ ಗಾಡಿಯಲ್ಲಿ ಕಾರ್ಬುರೇಟರಿಗೆ ಒಂದು ಸ್ಕ್ರೂ ಇರುತ್ತದೆ. ಗಡಿಯಾರದ ವಿರುದ್ಧ ಸ್ವಲ್ಪ ಸ್ವಲ್ಪ ತಿರುಗಿಸಿದರೆ ವೇಗ ಇಳಿಯುತ್ತದೆ. ಇಂಜಿನ್ ಆರದೆ ಮೆಲ್ಲಗೆ ಓಡುವ ಕಡೆ ನಿಲ್ಲಿಸಿ. ಎಕ್ಸೆಲ್ 100ರಲ್ಲಿ 2020ರ ಹೊತ್ತಿಗೆ ಕಾರ್ಬುರೇಟರ್ ಹೋಗಿ ಇಂಧನ ಚಿಮ್ಮಿಸುವ ಯಂತ್ರ ಬಂತು. ಅದರಲ್ಲಿ ನಾವು ತಿರುಗಿಸುವಂಥದ್ದು ಏನೂ ಇಲ್ಲ.

ನಟ್ಟನ್ನು ಎಷ್ಟು ಕಾಲ ಬಿಗಿ ಮಾಡುತ್ತ ಹೋಗಬಹುದು? ಲೈನರ್ ಇರುವ ತನಕ. ಮರೆ ಕಟ್ಟಿದರೂ ಹಿಡಿತ ಬರದಿದ್ದರೆ, ನಟ್ಟು ತುದಿಗೆ ಬಂದಿದ್ದರೆ, ಶೂ ಸವೆದಿದೆ. ಕೆಲವು ಗಾಡಿಯಲ್ಲಿ ತೋಳಿನ ಬುಡದಲ್ಲಿ ಬಾಣದ ಗುರುತು ಇರುತ್ತದೆ. ಬ್ರೇಕು ಒತ್ತಿದಾಗ ಬಾಣ ಗೆರೆ ಮುಟ್ಟಿದರೆ ಶೂ ಬದಲಿಸಬೇಕು. ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದು ಹಳೆಯದು, ಒಂದು ಹೊಸದು ಆಗುವುದಿಲ್ಲ. ಬಿಚ್ಚಿದಾಗ ಒಳಗೆ ಕಪ್ಪು ಪುಡಿ ಇರುತ್ತದೆ. ಅದನ್ನು ಬಾಯಿಂದ ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಎಸೆಯಿರಿ. ಶೂ ಮೇಲೆ ಎಣ್ಣೆ, ಗ್ರೀಸು ಒಂದು ತೊಟ್ಟೂ ಬೀಳಬಾರದು. ಬ್ರೇಕು ಕಿರ್ ಅನ್ನುತ್ತದೆ ಅಂತ ನಮ್ಮ ನೆರೆಮನೆಯವರು ಕೊಬ್ಬರಿ ಎಣ್ಣೆ ಬಿಟ್ಟಿದ್ದರು! ಸದ್ದು ನಿಂತಿತು. ಗಾಡಿ ನಿಲ್ಲಲಿಲ್ಲ.

ಎಲ್ಲ ಆದ ಮೇಲೆ ಮನೆ ಮುಂದೆಯೇ ಮೆಲ್ಲಗೆ ಓಡಿಸಿ, ನಾಲ್ಕು ಸಲ ನಿಲ್ಲಿಸಿ ನೋಡಿ. ಇಳಿದು ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಬ್ರೇಕು ಹೆಚ್ಚು ಹಿಡಿಯದೆಯೂ ಕಾವು ಬಡಿದರೆ ಅರ್ಧ ಸುತ್ತು ಸಡಿಲಿಸಿ.

ಹೂವಿನ ಅಕ್ಕ ಈಗ ಸ್ವಂತ ಗಾಡಿ ಇಟ್ಟಿದ್ದಾರೆ. ಹಳೆಯದು, ಎರಡನೆಯ ಕೈಯಿಂದ ಕೊಂಡದ್ದು. ಅವರ ಕಾಪಿ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು ಬರೆದು, ಮುಂದೆ "ಹಿಂದಿನ ಗಾಲಿ, ಅರ್ಧ ಸುತ್ತು" ಅಂತ ಬರೆಯುತ್ತಾರೆ. ಹೋದ ತಿಂಗಳು ನಟ್ಟು ತುದಿ ಮುಟ್ಟಿತು. ಹೊಸ ಶೂ ತರಲು ಅವರೇ ಪೇಟೆಗೆ ಹೋದರು. ಅಂಗಡಿಯಲ್ಲಿ ತೋರಿಸಲು ಹಳೆಯ ಜೋಡಿಯನ್ನು ಹೂವಿನ ಬುಟ್ಟಿಯಲ್ಲೇ ಇಟ್ಟುಕೊಂಡಿದ್ದರು.